ಬಳೆಯ ಅಳತೆಗೆ ಕಟ್ಟಿದ ವಾಚು

ಅರವತ್ತೇಳನೆಯ ವಯಸ್ಸಿನಲ್ಲಿ ನನಗೆ ಓಡುವ ಹುಚ್ಚು ಹಿಡಿಯಿತು. ಇದನ್ನು ಹೇಳಿದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಸೊಂಟ ನೋಡುತ್ತಾರೆ, ಆಮೇಲೆ ಮಾತು ಬದಲಿಸುತ್ತಾರೆ. ಆಳಂದದಲ್ಲಿ ಹಿರಿಯರ ಕ್ರೀಡಾಕೂಟ ಇದೆ, ಅರವತ್ತೈದು ದಾಟಿದ ಹೆಂಗಸರಿಗೂ ಓಟ ಇಟ್ಟಿದ್ದಾರೆ ಎಂದು ಗೊತ್ತಾದದ್ದೇ ತಡ, ಹೆಸರು ಕೊಡಬೇಕು ಅನ್ನಿಸಿತು. ಅರ್ಜಿಯ ಮೇಲೆ ಮನೆಯವರೊಬ್ಬರ ಸಹಿ ಬೇಕಿತ್ತು. ಗಂಡ ಧರ್ಮಣ್ಣ ಪೆನ್ನು ತೆಗೆದೇಬಿಟ್ಟಿದ್ದರು. ಸೊಸೆ ಮಧುಮತಿ ಅರ್ಜಿಯನ್ನು ಅವರ ಮುಂದಿನಿಂದ ಎತ್ತಿಕೊಂಡಳು.

ಮಧುಮತಿ ನರ್ಸು. ಹೋದ ವರ್ಷ ನನಗೆ ಎದೆ ಹಿಡಿದಂತಾಗಿ ನಾಲ್ಕು ದಿನ ಮಲಗಿದ್ದಾಗ ನನ್ನ ನಾಡಿ ಹಿಡಿದುಕೊಂಡು ಕುಳಿತವಳು ಅವಳೇ. ಹಾಗಾಗಿ ಈ ವಿಷಯದಲ್ಲಿ ಅವಳ ಮಾತಿನ ಮುಂದೆ ಮನೆಯಲ್ಲಿ ಯಾರದೂ ನಡೆಯುವುದಿಲ್ಲ. ತನ್ನ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟಳು.

“ಅತ್ತಿ, ಇದು ನಾಡಿ ಎಣಿಸ್ತದ. ನಾಳಿಂದ ಎಂಟು ದಿನ ಇದನ್ನ ಕಟ್ಕೊಂಡು ಓಡ್ರಿ. ನೂರಾ ಮೂವತ್ತು ದಾಟಲಿಲ್ಲಂದ್ರ ನಾನೇ ಸಹಿ ಮಾಡ್ತೇನಿ. ದಾಟ್ತು ಅಂದ್ರ ಕುರ್ಚಿ ಮ್ಯಾಲೆ ಕೂತು ಚಪ್ಪಾಳಿ ಹೊಡೀರಿ.”

ಅದರ ರಬ್ಬರಿನ ಬೆಲ್ಟಿನ ಕೆಳಗೆ ಸಂಜೆಯೊಳಗೆ ಬೆವರು ನಿಂತು ಗಂಧೆ ಎದ್ದಿತು. ಬೇರೆ ಬೆಲ್ಟು ಹುಡುಕಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಏಜಾಜನ ಅಂಗಡಿಗೆ ಹೋದೆ. ಅವನ ತಾಯಿ ನನ್ನ ಮದುವೆಗೆ ಬಳೆ ಇಡಿಸಿದವಳು. ಈಗ ಅರ್ಧ ಅಂಗಡಿ ಬಳೆ, ಉಳಿದರ್ಧ ಮೊಬೈಲ್ ಕವರು, ವಾಚಿನ ಬೆಲ್ಟು.

ಚರ್ಮದ ಬೆಲ್ಟು ತೋರಿಸಿದ. ಅದು ಬೆವರು ಕುಡಿದು ನಾಲ್ಕು ದಿನಕ್ಕೆ ನಾರುತ್ತದೆ ಎಂದು ಅವನೇ ಹೇಳಿದ. ಸ್ಟೀಲಿನದು ಹಾಕಿ ನೋಡಿದೆ, ಮುಂಗೈಯ ಎರಡು ಕೂದಲು ಕಿತ್ತುಕೊಂಡಿತು. ಮೂರನೆಯದು ನೇಯ್ದ ಬಟ್ಟೆಯದು. ಹಗುರ, ಮೆತ್ತಗೆ, ಒತ್ತಿದರೆ ಅಂಟಿಕೊಂಡು ಎಳೆದರೆ ಚರ್ ಎಂದು ಬಿಚ್ಚುತ್ತದೆ. ಅದು ಮನಸ್ಸಿಗೆ ಬಂತು. ಏಜಾಜ ಕಟ್ಟಿದ.

“ಬಿಗಿ ಆತು. ಸಡ್ಲ ಮಾಡು.”

“ಆಯಿ, ಇದು ಬಿಗೀನೇ ಇರಬೇಕು.”

“ನಿಮ್ಮವ್ವ ಇಡಿಸಿದ ಬಳಿ ಒಂದರೆ ನನ್ನ ಕೈ ಹಿಡದಿಲ್ಲ ನೋಡು. ಕೈಗೆ ಹಾಕ್ಕೊಂಡದ್ದು ಆಡಬೇಕು.”

“ಆಡೋದು ಬೇಕಂದ್ರ ಬಳಿ ಒಯ್ರಿ.”

“ಹಿರೇರ ಜೋಡಿ ಹಿಂಗ ಮಾತಾಡ್ತಾರೇನಲೇ?”

“ಹಿರೇರು ಓಡಾಕತ್ತಾರ, ನಾ ಮಾತಾಡಿದ್ರೇನು?”

ನಮ್ಮ ಕಡೆ ಬಳೆಯ ಅಳತೆ ಹೀಗೆ: ಅಂಗೈ ಹಿಚುಕಿ, ಕಣ್ಣಲ್ಲಿ ನೀರು ಬಂದರೂ ಬಿಡದೆ ಏರಿಸಬೇಕು. ಏರಿದ ಮೇಲೆ ಮುಂಗೈಯಲ್ಲಿ ಆರಾಮಾಗಿ ಆಡಬೇಕು. ಕೈ ಕಚ್ಚಿ ಕೂತರೆ ಬಳೆಗಾರ್ತಿಗೆ ಅವಮಾನ. ಐವತ್ತು ವರ್ಷದ ಈ ಜ್ಞಾನವನ್ನೆಲ್ಲ ನಾನು ವಾಚಿಗೆ ಧಾರೆ ಎರೆದೆ. ಎರಡು ಬೆರಳು ತೂರುವಷ್ಟು ಸಡಿಲ ಮಾಡಿಸಿ, ಎಡಗೈಯ ಹನ್ನೆರಡು ಹಸಿರು ಬಳೆಗಳ ಮುಂದೆ ಅದನ್ನು ಹದಿಮೂರನೆಯದಾಗಿ ಕೂರಿಸಿದೆ.

ಮರುದಿನ ಮುಂಜಾನೆ ಮೈದಾನದಲ್ಲಿ ಓಡಿದೆ. ವಾಚು ಒಂದು ಸಲ ಅಂಗೈ ಕಡೆಗೆ ತಿರುಗಿತು, ಒಂದು ಸಲ ಬಳೆಗಳ ಮೇಲೆ ಹತ್ತಿತು. ನಾನು ಅದನ್ನು ನೋಡಿ ಇದಲ್ಲವೇ ಆರಾಮು ಅಂದುಕೊಂಡೆ. ಸಂಜೆ ಮಧುಮತಿ ಮೊಬೈಲಿನಲ್ಲಿ ಲೆಕ್ಕ ತೆಗೆದಳು. ನೂರಾ ಎಪ್ಪತ್ನಾಲ್ಕು.

“ಅತ್ತಿ, ಎದಿ ಹೊಡ್ಕೊಳ್ಳಾಕತ್ತಿತ್ತೇನ್ರಿ?”

“ಇಲ್ಲವಾ. ಹಾಲಿನ ಅಂಬಾರಾಯನ ಜೋಡಿ ಮಾತಾಡ್ಕೋತ ಓಡಿನಿ.”

“ಮಾತಾಡ್ಕೋತ ನೂರಾ ಎಪ್ಪತ್ನಾಕೇನು?”

ಎರಡನೆಯ ದಿನ ನೂರಾ ಅರವತ್ತೆಂಟು. ಮೂರನೆಯ ದಿನ ಅಂಕಿಯೇ ಇಲ್ಲ, ಬರೀ ಎರಡು ಗೀಟು. ನಾಲ್ಕನೆಯ ದಿನ ನೂರಾ ಎಂಬತ್ತೊಂದು. ಮಧುಮತಿ ಅರ್ಜಿಯನ್ನು ಮಡಿಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು. “ಸಾಕ್ರಿ ಅತ್ತಿ. ನಾಳಿಂದ ಬ್ಯಾಡ,” ಅಂದಳು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅವಳ ದನಿಯಲ್ಲಿ ಹೆದರಿಕೆ ಇತ್ತು. ನನಗೂ ಅಂಜಿಕೆಯಾಗಿ ಒಳಗೆ ಹೋಗಿ ಎದೆಯ ಮೇಲೆ ಕೈಯಿಟ್ಟು ಅರ್ಧ ತಾಸು ಮಲಗಿದೆ. ಎದೆ ತನ್ನ ಪಾಡಿಗೆ ತಾನು ಸುಮ್ಮನೆ ಬಡಿಯುತ್ತಿತ್ತು. ಹೆದರಿದವಳು ನಾನೊಬ್ಬಳೇ.

ಏಜಾಜನ ಬೆಲ್ಟಿನಿಂದಲೇ ವಾಚು ಕೆಟ್ಟಿರಬೇಕು ಎಂದುಕೊಂಡು, ಧರ್ಮಣ್ಣನನ್ನು ಜೊತೆಗೆ ಕರೆದುಕೊಂಡು ಅವನಲ್ಲಿಗೆ ಜಗಳಕ್ಕೆ ಹೋದೆ. ಅವನು ವಾಚನ್ನು ತಿರುಗಿಸಿ ಅದರ ಹೊಟ್ಟೆಯಲ್ಲಿನ ಸಣ್ಣ ಹಸಿರು ದೀಪ ತೋರಿಸಿದ.

“ಆಯಿ, ಈ ದೀಪ ಚರ್ಮಕ್ಕ ಹತ್ತಿ ಕೂತ್ರ ನಾಡಿ ಕಾಣ್ತದ. ಎದ್ದೆದ್ದು ಕುಣದ್ರ ನಿಮ್ಮ ಹೆಜ್ಜೀನೂ ನಾಡಿ ಅಂತ ಎಣಿಸ್ತದ. ಇಷ್ಟು ದಿನ ನಿಮ್ಮ ಕಾಲಿಂದು ಲೆಕ್ಕ ಕೊಟ್ಟದ ಇದು. ಮದಲ ಆ ಕೈಯಾಗಿನ ಬಳಿ ತಗೀರಿ.”

ಗಂಡ ಬದುಕಿರುವಾಗ ಕೈ ಬರಿದು ಮಾಡುವುದು ಹೇಗೆ? ಬುದ್ಧ ವಿಹಾರದಲ್ಲಿ ಪ್ರತಿ ಭಾನುವಾರ ಮೂಢನಂಬಿಕೆ ಬಿಡಿ ಎಂದು ಉಳಿದ ಹೆಂಗಸರಿಗೆ ಹೇಳುವವಳು ನಾನೇ. ಅವತ್ತು ಬುಧವಾರ. ಧರ್ಮಣ್ಣನ ಕಡೆ ನೋಡಿದೆ.

“ನಿಮಗೇನರೆ ಆದ್ರ?”

“ಮಲ್ಕಮ್ಮ, ನಾ ಜೇವರ್ಗಿ ರೋಡಿನಾಗ ಮೂವತ್ತು ವರ್ಷ ಬಸ್ ಹೊಡದೀನಿ. ಆಗ ಏನೂ ಆಗಿಲ್ಲ. ಈಗ ಆಗ್ತದೇನು?”

“ಆಗ ಕೈತುಂಬ ಬಳಿ ಇದ್ದುವಲ್ಲ.”

ಅವರು ಏಜಾಜನ ಮುಖ ನೋಡಿದರು. ಉಪಾಯ ಅವನ ಹತ್ತಿರ ಇತ್ತು. “ಆ ಕೈಯಾಗಿಂದು ಈ ಕೈಗೆ ಹಾಕ್ತೇನಿ. ಒಂದೂ ಕಮ್ಮಿ ಆಗಂಗಿಲ್ಲ. ಕಾಕಾಗ ಧೋಕಾ ಇಲ್ಲ.”

ನನ್ನ ಎಡಗೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಹಾಕಿ, ಅದರ ಮೇಲಿಂದ ಬಳೆಗಳನ್ನು ಒಂದೊಂದಾಗಿ ಜಾರಿಸಿದ. ಅವನ ತಾಯಿಯ ಕೈಯೇ ಅವನಿಗೂ ಬಂದಿತ್ತು, ಒಂದೂ ಒಡೆಯಲಿಲ್ಲ. ಬಲಗೈಯಲ್ಲಿ ಇಪ್ಪತ್ನಾಲ್ಕಾದವು. ಕನ್ನಡಿಯಲ್ಲಿ ನೋಡಿದರೆ ಒಂದು ಕಡೆ ಮದುಮಗಳು, ಇನ್ನೊಂದು ಕಡೆ ಕಬಡ್ಡಿ ಆಟಗಾರ್ತಿ. ಆಮೇಲೆ ಅವನು ವಾಚನ್ನು ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮೇಲೆ ಇಟ್ಟು, ಕೈ ಜಾಡಿಸಿದರೂ ಕದಲದ ಹಾಗೆ, ಆದರೆ ರಕ್ತ ನಿಲ್ಲದ ಹಾಗೆ ಕಟ್ಟಿದ. ಐದು ನಿಮಿಷ ಯಾರೋ ಕೈ ಹಿಡಿದುಕೊಂಡ ಹಾಗೆ ಅನ್ನಿಸಿತು. ಆಮೇಲೆ ಇದೆ ಎನ್ನುವುದೇ ಮರೆತುಹೋಯಿತು.

ಮಧುಮತಿಗೆ ದೀಪದ ವಿಷಯ ಹೇಳಿದೆ. ಅವಳು ಸುಲಭಕ್ಕೆ ನಂಬುವವಳಲ್ಲ. “ಐತವಾರ ನನಗ ರಜಾ ಅದ. ನಾನೇ ಬಂದು ನೋಡ್ತೇನಿ. ಅವತ್ತು ದಾಟ್ತಂದ್ರ ಮತ್ತ ಮಾತಿಲ್ರಿ,” ಅಂದಳು. ಹೆಸರು ಕೊಡಲು ಸೋಮವಾರ ಕಡೆಯ ದಿನ.

ಭಾನುವಾರ ಮುಂಜಾನೆ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ಮೈದಾನಕ್ಕೆ ಎರಡು ಸುತ್ತು ಓಡಿದೆ. ಸಹಿಯೊಂದೇ ಕಣ್ಣ ಮುಂದೆ ಇತ್ತು. ಅಕ್ಕಪಕ್ಕ ನೋಡಲಿಲ್ಲ. ಗಾಳಿ ಕಿವಿಯಲ್ಲಿ ಸುಯ್ಯೆಂದಿತು, ಅಥವಾ ನನಗೆ ಹಾಗೆ ಅನ್ನಿಸಿತು. ನಿಂತ ಕೂಡಲೇ ಮಧುಮತಿ ಮೊಬೈಲ್ ನೋಡಿದಳು. ಮತ್ತೆ ನೋಡಿದಳು. ನನ್ನ ಕೈ ಹಿಡಿದು ತಾನೇ ಬೆರಳಿಟ್ಟು ಎಣಿಸಿದಳು. ತುಟಿ ಬಿಗಿ ಹಿಡಿದಳು.

“ಯಾಕವಾ? ಹೆಚ್ಚಾತೇನು?”

“ಇಲ್ರಿ. ನೂರಾ ನಾಕು. ಬೆರಳಿಗೂ ಅಷ್ಟೇ ಹತ್ತಾಕತ್ತದ.”

“ಮತ್ತ ಮಾರಿ ಯಾಕ ಹಂಗ ಮಾಡ್ದಿ?”

“ಅತ್ತಿ, ಎರಡೂ ಸುತ್ತು ನಾ ನಿಮ್ಮ ಬಾಜೂಕೇ ಬಂದೆ. ನೋಡ್ಲಿಲ್ಲೇನ್ರಿ?”

“ನೀನೂ ಓಡಿದೇನು?”

“ನಡಕೋತ ಬಂದೆ.”

ಅವಳ ಕಾಲು ನೋಡಿದೆ. ಚಪ್ಪಲಿ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಬ್ಯಾಗು. ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ಧರ್ಮಣ್ಣ ಆ ಕಡೆ ತಿರುಗಿ ನಿಂತಿದ್ದರು, ಬೆನ್ನು ಮಾತ್ರ ಅಲುಗುತ್ತಿತ್ತು.

ಮಧುಮತಿ ಅರ್ಜಿ ತೆಗೆದಳು. ಅದರಲ್ಲಿ ಎರಡು ಮನೆ: ಓಟ, ನಡಿಗೆ. ಪೆನ್ನು ಎರಡರ ನಡುವೆ ನಿಂತಿತು.

“ನಡಿಗೆ ಅಂತ ಬರೀಲೇನ್ರಿ ಅತ್ತಿ? ನಂಬರ್ ಬಂದ್ರೂ ಬರಬಹುದು.”

“ಓಟ ಅಂತ ಬರಿ. ನೂರಾ ಮೂವತ್ತಕ್ಕ ಇನ್ನಾ ಇಪ್ಪತ್ತಾರು ಬಾಕಿ ಅದ.”

ಅವಳು ಬರೆದಳು, ಕೆಳಗೆ ಸಹಿಯನ್ನೂ ಮಾಡಿದಳು. ಮನೆಯ ತನಕ ಓಡಿಕೊಂಡೇ ಬರುತ್ತೀರೇನು ಎಂದು ಕೇಳಿದಳು. ನಾನು ಆಟೋಕ್ಕೆ ಕೈ ಮಾಡಿದೆ.