ಸೆಕ್ರೆಟರಿ ಕತ್ತರಿಸಿದ ಗುಲಾಬಿ

ಸುಪ್ರಜಾ ಗಂಡನನ್ನು ಬಿಟ್ಟು ಬಂದು ಮುಲುಂಡ್‌ನ ಹಳೆಯ ಬಿಲ್ಡಿಂಗೊಂದರಲ್ಲಿ ಸಣ್ಣ ಫ್ಲ್ಯಾಟ್ ಕೊಂಡಾಗ, ಸೊಸೈಟಿ ಸೆಕ್ರೆಟರಿ ಕೇಶವಮೂರ್ತಿ ಮೊದಲು ಕೇಳಿದ್ದು ಗಂಡನ ಹೆಸರನ್ನು. ಮೈಸೂರಿನವನೆಂಬ ಜಂಭ, ರಿಟೈರಾದವನ ಬಿಡುವು ಎರಡೂ ಸೇರಿ ಆತ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಬುದ್ಧಿ ಹೇಳುತ್ತಿದ್ದ. ಕನ್ನಡದವಳೆಂದು ಗೊತ್ತಾದ ಮೇಲೆ ಸುಪ್ರಜಾಗೆ ಎರಡು ಪಾಲು ಸಿಗತೊಡಗಿತು.

ಜನವರಿಯಲ್ಲಿ ಅವಳಿಗೆ ಪುಣೆಯ ನರ್ಸರಿಯಿಂದ ಗುಲಾಬಿ ಗಿಡ ಬಂತು. ಕುಂಡವಿಲ್ಲ, ಮಣ್ಣಿಲ್ಲ, ಒಂದು ಎಲೆಯೂ ಇಲ್ಲ. ಒದ್ದೆ ಪಾಚಿಯಲ್ಲಿ ಸುತ್ತಿದ ಬೋಳು ಬೇರು, ಅದರ ಮೇಲೆ ಒಂದೆರಡು ಮುಳ್ಳುಕಡ್ಡಿ. ಗೇಟಿನ ಹತ್ತಿರ ಪಾರ್ಸೆಲ್ಲಿನೊಳಗೆ ಇಣುಕಿದ ಕೇಶವಮೂರ್ತಿ ಎಲ್ಲರೆದುರು ನಕ್ಕ.

"ಏನಮ್ಮ, ದುಡ್ಡು ಕೊಟ್ಟು ಕಡ್ಡಿ ತರಿಸ್ಕೊಂಡ್ಯಾ? ನಮ್ಮ ಕಡೆ ಇದನ್ನ ಒಲೆಗೆ ಹಾಕ್ತಾರೆ."

ಅವಳು ಪಾರ್ಸೆಲ್ ಎತ್ತಿಕೊಂಡು ಮೇಲೆ ಹೋದಳು. ರಾತ್ರಿಯಿಡೀ ಬೇರನ್ನು ಬಕೆಟ್ಟಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಮುರಿದ ತುದಿಗಳನ್ನು ಕತ್ತರಿಸಿದಳು. ಪಂಪ್‌ರೂಮಿನ ಪಕ್ಕ ಒಡೆದ ಟೈಲ್ಸ್ ಸುರಿದಿದ್ದ ಜಾಗದಲ್ಲಿ ಒಳ್ಳೆಯ ಬಿಸಿಲಿತ್ತು. ಅದನ್ನು ಹಸನು ಮಾಡಿ ಗುಂಡಿ ತೋಡಿ, ಒಳಗೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಅದರ ಮೇಲೆ ಬೇರುಗಳನ್ನು ಸುತ್ತಲೂ ಹರಡಿ ಕೂರಿಸಿದಳು. ಕಸಿಯ ಗಂಟು ಮಣ್ಣಿನ ಮೇಲೇ ಉಳಿಯುವಂತೆ ನೋಡಿಕೊಂಡಳು. ಕೇಶವಮೂರ್ತಿ ಪಕ್ಕದಲ್ಲೇ ನಿಂತು ಸಲಹೆ ಕೊಡುತ್ತಿದ್ದ. ಲೋಕಲ್ ಟ್ರೇನ್ ತಡವಾಗಿದೆ ಎಂಬ ಸ್ಟೇಷನ್ನಿನ ಘೋಷಣೆಯನ್ನು ಕೇಳುವಂತೆ ಅವಳು ಅದನ್ನು ಕೇಳಿಸಿಕೊಂಡಳು.

ಕೆಲವೇ ವಾರಗಳಲ್ಲಿ ಕಡ್ಡಿಯಿಂದ ಕೆಂಪು ಚಿಗುರು ಒಡೆಯಿತು. ಮೊದಲ ಮೊಗ್ಗುಗಳನ್ನೆಲ್ಲ ಅವಳು ಚಿವುಟಿಹಾಕಿದಳು. ಹೂವಿಗಿಂತ ಮೊದಲು ಬೇರಿಗೆ ಬಲ ಬರಲಿ ಎಂಬುದು ಅವಳ ಲೆಕ್ಕ. ಕೇಶವಮೂರ್ತಿ ಅದಕ್ಕೂ ಬಣ್ಣ ಕಟ್ಟಿದ. ಮನೆ ಮುರಿದುಕೊಂಡವಳ ಕೈಯಲ್ಲಿ ಹೂ ಅರಳೀತೇ ಎಂದು ಯಾರಲ್ಲೋ ಹೇಳಿದ್ದು ತಿರುಗಿ ಅವಳ ಕಿವಿಗೂ ಬಿತ್ತು. ಅಂದಿನಿಂದ ಮೆಟ್ಟಿಲಿನಲ್ಲಿ ಆತ ಎದುರಾದರೆ ಅವಳು ದಾರಿ ಬಿಟ್ಟು ನಿಲ್ಲತೊಡಗಿದಳು.

ಮಾರ್ಚಿನಲ್ಲಿ ಮೊಗ್ಗುಗಳನ್ನು ಉಳಿಸಿದಳು. ಹಳದಿಯಾಗಿ ಅರಳುವ ಹೂ ಬಿಸಿಲು ತಾಗಿದಂತೆ ಅಂಚಿನಿಂದ ಕೆಂಪಾಗುವ ಜಾತಿ ಅದು. ಶನಿವಾರ ಸಂಜೆ ಮೊಗ್ಗುಗಳು ಎಸಳು ಬಿಚ್ಚತೊಡಗಿದ್ದವು. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೆಳಗಿಳಿದರೆ ಗಿಡದಲ್ಲಿ ಒಂದು ಹೂವೂ ಇಲ್ಲ. ಕತ್ತರಿ ಹಾಕಿದ ಕೈಗೆ ಎಲ್ಲಿ ಹಾಕಬೇಕೆಂದೂ ಗೊತ್ತಿರಲಿಲ್ಲ. ಒಂದು ರೆಂಬೆಯ ತೊಗಟೆ ಬುಡದವರೆಗೆ ಸೀಳಿ ಜೋತಾಡುತ್ತಿತ್ತು.

ಅಂದು ಟೆರೇಸಿನಲ್ಲಿ ರೀಡೆವಲಪ್‌ಮೆಂಟ್ ಮೀಟಿಂಗ್. ಹಳೆಯ ಬಿಲ್ಡಿಂಗ್ ಕೆಡವಿ ಟವರ್ ಕಟ್ಟಲು ಬಂದಿದ್ದ ಬಿಲ್ಡರನ ಮುಂದೆ ಅದೇ ಕೆಂಪಂಚಿನ ಹಳದಿ ಗುಲಾಬಿಗಳ ಗುಚ್ಛವಿತ್ತು. ಅವು ತಾನೇ ಸ್ವಂತ ಕೈಯಿಂದ ಬೆಳೆಸಿದ ಹೂಗಳೆಂದು ಕೇಶವಮೂರ್ತಿ ಮರಾಠಿಯಲ್ಲಿ ವಿವರಿಸುತ್ತಿದ್ದ. ಸುಪ್ರಜಾ ಕುರ್ಚಿಗಳ ನಡುವೆ ನಡೆದು ಹೋಗಿ ಮೇಜಿನಿಂದ ಗುಚ್ಛವನ್ನು ಎತ್ತಿಕೊಂಡಳು. ಬಿಲ್ಡರ್ ಪೆಚ್ಚಾಗಿ ನಕ್ಕ.

"ನಾಲ್ಕು ಹೂವಿಗೆ ಇಷ್ಟು ರಂಪಾನಾ?" ಎಂದ ಕೇಶವಮೂರ್ತಿ, ತಗ್ಗಿದ ದನಿಯಲ್ಲಿ, ಕನ್ನಡದಲ್ಲಿ.

"ಕೇಳಿದ್ರೆ ನಾನೇ ಕೊಡ್ತಿದ್ದೆ. ಕೇಳೋಕೆ ಬಾಯಿಲ್ಲ ನಿಮಗೆ, ಕದಿಯೋಕೆ ಮಾತ್ರ ಕೈಯಿದೆ," ಎಂದಳು. ಅದನ್ನೇ ಮತ್ತೆ ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

ಹಿಂದಿನ ಸಾಲಿನ ಹೆಂಗಸರಿಗೆ ಒಂದೊಂದೇ ಹೂ ಹಂಚಿದಳು. ಅವರು ಅಲ್ಲೇ ಮುಡಿದುಕೊಂಡರು. ಆ ಗಂಡಸಿನ ಸಣ್ಣತನಕ್ಕೆ ಹೆದರಿ ತಾನು ಇಷ್ಟು ದಿನ ಮೆಟ್ಟಿಲಿನಲ್ಲಿ ದಾರಿ ಬಿಟ್ಟು ನಿಲ್ಲುತ್ತಿದ್ದುದನ್ನು ನೆನೆದು ಅವಳಿಗೆ ಹೇಸಿಗೆಯಾಯಿತು.

ಸೀಳಿದ ರೆಂಬೆಯನ್ನು ಅವಳು ಸಂಜೆಯೇ ಬುಡದವರೆಗೆ ಸವರಿದಳು. ಏಪ್ರಿಲಿನಲ್ಲಿ ಬೇರೆ ರೆಂಬೆಗಳ ಕಣ್ಣುಗಳಿಂದ ಚಿಗುರು ಬಂತು. ಈಗ ಕೇಶವಮೂರ್ತಿ ಪಂಪ್‌ರೂಮ್ ದಾಟುವಾಗ ತಾನೇ ನಿಂತು, ಗಿಡ ಹೇಗಿದೆಯಮ್ಮ ಎಂದು ಕೇಳುತ್ತಾನೆ. ಅವಳು ತಿರುಗದೆ, ಆತ ಹೋಗುವವರೆಗೂ ಒಣಗಿದ ಎಲೆ ಕೀಳುತ್ತಿರುತ್ತಾಳೆ.