ಪಟ್ಟಿಯಲ್ಲಿ ಇಲ್ಲದ ಹೆಸರು

ಭದ್ರಮ್ಮನವರು ಕೋರ್ಟಿನಲ್ಲಿ ಹೇಳಬೇಕೆಂದಿದ್ದದ್ದು ಒಂದೇ ಮಾತು: ಆ ಕೆಲಸ ಮಾಡಿದ್ದು ನಾನು. ಅದನ್ನು ಇಂಗ್ಲಿಷಿನಲ್ಲಿ ವಾರವಿಡೀ ಬಾಯಿಪಾಠ ಮಾಡಿದ್ದರು. ಅವತ್ತು ಕೋರ್ಟಿಗೆ ಹೋಗುವಾಗ ಫ್ರೀವೇ ಉದ್ದಕ್ಕೂ ನನ್ನ ಕಾರಿನಲ್ಲಿ ಅದನ್ನೇ ಗುನುಗುತ್ತಿದ್ದರು.

ಅಮೆರಿಕದ ಫ್ರೀಮಾಂಟಿನಲ್ಲಿ ನಾವು ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರು. ನಾನಿದ್ದ ಕಂಪನಿ ಕಂಪ್ಯೂಟರ್ ಬೋರ್ಡುಗಳನ್ನು ಮನೆಮನೆಗೆ ಕೊಟ್ಟು ಬೆಸುಗೆ ಹಾಕಿಸುತ್ತಿತ್ತು. ತೊಂಬತ್ತೇಳರಲ್ಲಿ ಆಕೆಯ ಗಂಡ ವೀರಣ್ಣನವರು ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಆಕೆಗೆ ಆ ಕೆಲಸ ಕೊಡಿಸಿದವಳು ನಾನೇ, ಫಾರಂ ತುಂಬಿದವಳೂ ನಾನೇ. ಹೆಸರಿನ ಜಾಗದಲ್ಲಿ ಯೋಚಿಸದೆ ವೀರಣ್ಣ ಅಂತ ಬರೆದೆ. ರೇಷನ್ ಕಾರ್ಡಿನಿಂದ ಹಿಡಿದು ಲಗ್ನಪತ್ರಿಕೆಯ ವಿಳಾಸದವರೆಗೆ ನಾವು ಬರೆಯುವುದು ಯಜಮಾನರ ಹೆಸರನ್ನೇ ತಾನೇ? ಭದ್ರಮ್ಮನವರೂ ತಲೆಯಾಡಿಸಿದ್ದರು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೂರು ವರ್ಷ ಆಕೆ ಅಡುಗೆಮನೆಯ ಟೇಬಲ್ಲಿನ ಮುಂದೆ ಕೂತು ಬೆರಳು ಸುಟ್ಟುಕೊಂಡರು. ಆಮೇಲೆ ವೀರಣ್ಣನವರು ತೀರಿಕೊಂಡರು. ಕಾನೂನಿನ ಪ್ರಕಾರ ಕೂಲಿ ಕೊಟ್ಟಿಲ್ಲವೆಂದು ಕೆಲಸಗಾರರೆಲ್ಲ ಸೇರಿ ಕಂಪನಿಯ ಮೇಲೆ ಹಾಕಿದ್ದ ಕೇಸು ಈಗ ರಾಜಿಗೆ ಬಂದಿತ್ತು. ದುಡ್ಡು ಹೇಗಿದ್ದರೂ ಆಕೆಗೇ ಸೇರುತ್ತಿತ್ತು. ಆಕೆಗೆ ಬೇಕಿದ್ದದ್ದು ಕೋರ್ಟಿನ ಕಾಗದದಲ್ಲಿ ತನ್ನ ಹೆಸರು.

ಒಪ್ಪಿಗೆ ಕೊಡುವ ಮುನ್ನ ಜಡ್ಜು, ಕೆಲಸಗಾರರಲ್ಲಿ ಯಾರಾದರೂ ಮಾತಾಡುವುದಿದೆಯೇ ಎಂದು ಕೇಳಿದರು. ನಾನು ಸನ್ನೆ ಮಾಡಿದೆ; ಭದ್ರಮ್ಮನವರು ಎದ್ದು ನಿಂತು ಹೆಸರು ಹೇಳಿದರು. ಗುಮಾಸ್ತೆ ಪಟ್ಟಿ ನೋಡಿ, ಆ ಹೆಸರಿಲ್ಲ ಎಂದಳು. ಇವರು ಯಾರು ಎಂದು ಜಡ್ಜು ಪಕ್ಕದಲ್ಲಿದ್ದ ನನ್ನನ್ನು ಕೇಳಿದರು.

"ವೀರಣ್ಣನವರ ಹೆಂಡತಿ," ಎಂದುಬಿಟ್ಟೆ.

ಜಡ್ಜಿನ ಮುಖ ಮೆತ್ತಗಾಯಿತು. ತೀರಿಹೋದವರ ದುಡಿಮೆಯನ್ನು ಹೊಗಳಿದರು, ಸಂತಾಪ ಹೇಳಿದರು, ಕೂರಲು ಕೈ ತೋರಿಸಿದರು. ನಾನು ಆಗಲೇ ತಿದ್ದಬೇಕಿತ್ತು. ತಿದ್ದಲಿಲ್ಲ. ರಾಜಿಗೆ ಒಪ್ಪಿಗೆ ಸಿಕ್ಕಿತು, ಜನ ಏಳತೊಡಗಿದರು. ಭದ್ರಮ್ಮನವರು ಮಾತ್ರ ಸೆರಗು ಸರಿಮಾಡಿಕೊಂಡು ಕಾಯುತ್ತಲೇ ಇದ್ದರು.

"ನಿರುಪಮಾ, ನನ್ನ ಯಾವಾಗ ಕರೀತಾರೆ?"

"ಮುಗೀತು ಆಂಟಿ."

"ಮತ್ತೆ ಅಷ್ಟೊತ್ತು ಏನಂದ್ರು ಅವ್ರು?"

"ನಿಮ್ಮ ಯಜಮಾನ್ರು ತುಂಬಾ ಕಷ್ಟಪಟ್ಟು ದುಡಿದ್ರು ಅಂದ್ರು."

ಆಕೆ ಕಲೆಗಟ್ಟಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಪಾಪ, ಅವ್ರಿಗೆ ಕೈನೇ ಎತ್ತಕ್ಕಾಗ್ತಿರ್ಲಿಲ್ಲ," ಎಂದರು.