ನೀರುಗಂಟಿ ಕೆಂಪಯ್ಯನ ಅರ್ಧ ಎಕರೆ

ಚುಂಚನಕಟ್ಟೆ ಕಾಲುವೆಯ ಕೆಳಗಿನ ಆ ಊರಿನಲ್ಲಿ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿಗೆ ಒಂದು ಕಟ್ಟಳೆಯಿತ್ತು. ಕಾಲುವೆಯ ಕೆಳಗೆ ಅವನಿಗೆ ಒಂದು ಗೇಣು ಗದ್ದೆಯೂ ಇರಕೂಡದು. ಗದ್ದೆಯಿದ್ದವನ ಗುದ್ದಲಿ ತನ್ನ ಗದ್ದೆಯ ಕಡೆಗೇ ವಾಲುತ್ತದೆ ಎಂಬುದು ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು, ತಾವೇ ಗದ್ದೆಯಿದ್ದವರಲ್ಲವೇ. ಹಾಗಾಗಿ ನ್ಯಾಯವಂತನನ್ನು ಹುಡುಕುವ ಕಷ್ಟಕ್ಕೆ ಅವರು ಹೋಗಲಿಲ್ಲ. ಊರಾಚೆಯ ಕೇರಿಯಿಂದ ಗದ್ದೆಯಿಲ್ಲದವನನ್ನು ಕರೆದರು. ಕೇರಿಯಲ್ಲಿ ಯಾರಿಗೂ ಗದ್ದೆಯಿರಲಿಲ್ಲ. ಅದನ್ನೂ ಹಿರಿಯರೇ ತಲೆತಲಾಂತರದಿಂದ ಮುತುವರ್ಜಿಯಿಂದ ನೋಡಿಕೊಂಡು ಬಂದಿದ್ದರು.

ಕೆಂಪಯ್ಯ ಇಪ್ಪತ್ತೆರಡು ವರ್ಷದಿಂದ ಅಲ್ಲಿ ನೀರುಗಂಟಿ. ಅವನಪ್ಪನೂ ನೀರುಗಂಟಿ. ಸುಗ್ಗಿಯಲ್ಲಿ ಗದ್ದೆಗೊಂದು ಹೊರೆ ಅವನ ಕೂಲಿ. ಪಟೇಲ ಚಲುವೇಗೌಡರ ಗದ್ದೆಯೇ ಆಗಲಿ, ಕಾಲುವೆಯ ಬಾಲದಲ್ಲಿದ್ದ ವಿಧವೆ ಸಿದ್ದಲಿಂಗಮ್ಮನ ಗದ್ದೆಯೇ ಆಗಲಿ, ಸರದಿ ಬಂದಾಗ ಬಿಡುತ್ತಿದ್ದ, ಮುಗಿದಾಗ ಕಟ್ಟುತ್ತಿದ್ದ. ನೀರು ಕದ್ದವರಿಗೆ ಒಂದು ಸರದಿ ಖೋತಾ. ಪಟೇಲರಿಗೇ ಎರಡು ಸಲ ಖೋತಾ ಮಾಡಿದ್ದ. ಎಡತೊರೆ ಹೋಗಿ ಕೃಷ್ಣರಾಜನಗರವಾದ ಮೇಲೆ ಕಚೇರಿ, ಅಮಲ್ದಾರರು ಎಲ್ಲ ಹತ್ತಿರವಾದರೂ, ನೀರಿನ ವಿಷಯಕ್ಕೆ ಯಾರೂ ಅಲ್ಲಿಗೆ ಅರ್ಜಿ ಹಿಡಿದುಕೊಂಡು ಹೋದವರಿಲ್ಲ.

ಹೆಂಡತಿ ಪ್ರೇಮಮ್ಮನೂ ಅವನೂ ಮಿಷನ್ನಿನ ಸಭೆಗೆ ಸೇರಿ ದೀಕ್ಷಾಸ್ನಾನ ಮಾಡಿಸಿಕೊಂಡು ಹತ್ತು ವರ್ಷವಾಗಿತ್ತು. ಸಭೆಗೆ ಜೀವಾನಂದ ಎಂಬ ಉಪದೇಶಿಗಳಿದ್ದರು. ದೇವರ ನ್ಯಾಯ ಅವರಿಗೆ ಅಂಗೈ ಮೇಲಿನ ಗೆರೆ ಇದ್ದಂತೆ. ಪಟೇಲರ ಎತ್ತು ಸತ್ತರೆ ಅದು ಗರ್ವಕ್ಕೆ ಬಿದ್ದ ಶಿಕ್ಷೆ. ಉಪದೇಶಿಗಳದೇ ಹಸು ಸತ್ತರೆ ಅದು ಭಕ್ತರನ್ನು ಪರೀಕ್ಷಿಸಲು ಬರುವ ಶೋಧನೆ. ಸಾಯುವ ಎತ್ತಿಗೂ ಹಸುವಿಗೂ ಈ ವ್ಯತ್ಯಾಸ ತಿಳಿಯುತ್ತಿತ್ತೋ ಇಲ್ಲವೋ, ಭಾನುವಾರದ ಹೊತ್ತಿಗೆ ಸಭೆಗೆಲ್ಲ ತಿಳಿದಿರುತ್ತಿತ್ತು.

ಮಿಷನ್ನಿಗೆ ಅದೇ ಕಾಲುವೆಯ ಕೆಳಗೆ ಎರಡು ಎಕರೆ ಗದ್ದೆಯಿತ್ತು. ಉಪದೇಶಿಗಳೇ ಆಳಿಟ್ಟು ಮಾಡಿಸಿ, ಬೆಳೆದದ್ದನ್ನು ತಾವೇ ಭಕ್ತಿಯಿಂದ ಉಣ್ಣುತ್ತಿದ್ದರು. ಆ ವರ್ಷ ಹೊಳೆಯಲ್ಲಿ ನೀರು ಕಡಿಮೆ. ಒಂದು ಮಂಗಳವಾರ ಅವರು ಕೊಡೆ ಹಿಡಿದುಕೊಂಡು ತೂಬಿನ ಹತ್ತಿರಕ್ಕೆ ಬಂದರು.

"ಕೆಂಪಯ್ಯ, ನಮ್ಮ ಗದ್ದೆಗೆ ಇವತ್ತೇ ನೀರು ಬಿಡಪ್ಪ. ಇದು ದೇವರ ಗದ್ದೆ."

"ನಿಮ್ ಸರದಿ ಸುಕ್ರವಾರ ಕಣ್ರೀ ಅಯ್ನೋರೆ."

"ವಿಶ್ವಾಸಿಗಳಿಗೂ ಅವಿಶ್ವಾಸಿಗಳಿಗೂ ಒಂದೇ ಸರದಿಯೇನಪ್ಪ?"

"ಮಳೆ ಒಳ್ಳೇರು ಕೆಟ್ಟೋರು ಅಂತ ನೋಡಿ ಉಯ್ಯಾಕಿಲ್ಲ ಅಂತ ನೀವೇ ಏಳಿದ್ರಲ್ಲ? ನಾನೂ ಅಂಗೇ ಮಾಡ್ತಾ ಇವ್ನಿ."

ಉಪದೇಶಿಗಳು ಕೊಡೆ ಮಡಚಿದರು, ಮತ್ತೆ ಬಿಚ್ಚಿದರು, ಹೊರಟುಹೋದರು.

ಮುಂದಿನ ತಿಂಗಳು ಮೈಸೂರಿನಿಂದ ಮಿಷನ್ನಿನ ದೊರೆಗಳು ಬಂದಾಗ ಉಪದೇಶಿಗಳು ಇದನ್ನು ದೂರಾಗಿ ಹೇಳಿದರು. ದೊರೆಗಳು ಕೇಳಿದವರೇ ಕುಣಿದಾಡುವಷ್ಟು ಸಂತೋಷಪಟ್ಟರು. ದೇವರ ಗದ್ದೆಗೂ ಹೆಚ್ಚಿಗೆ ನೀರು ಬಿಡದ ಮನುಷ್ಯ! ಇಂಥವನಿಗೆ ಪ್ರತಿಫಲ ಸಿಗದಿದ್ದರೆ ದೇವರ ನ್ಯಾಯಕ್ಕೆ ಏನು ಬೆಲೆ? ಭಾನುವಾರ ಸಭೆಯ ಮುಂದೆ ಕೆಂಪಯ್ಯನನ್ನು ನಿಲ್ಲಿಸಿ, ಮಿಷನ್ನಿನ ಎರಡು ಎಕರೆಯಲ್ಲಿ ಅರ್ಧ ಎಕರೆಯನ್ನು ಅವನ ಹೆಸರಿಗೆ ಬರೆದುಕೊಡುವುದಾಗಿ ಸಾರಿದರು. ಸಭೆ ಎದ್ದು ಕೀರ್ತನೆ ಹಾಡಿತು. ಉಪದೇಶಿಗಳೂ ಹಾಡಿದರು, ಹಲ್ಲುನೋವಿದ್ದವರು ಹಾಡುವ ಹಾಗೆ.

ಕೆಂಪಯ್ಯ ಮಾತ್ರ ದೊರೆಗಳ ಹಿಂದೆಯೇ ಹೋಗಿ ಕೈಮುಗಿದ. "ದೊರೆ, ಕಾಲ್ವೆ ಕೆಳ್ಗೆ ಬ್ಯಾಡಿ. ದಿಣ್ಣೆ ಮೇಲೆ ವಸಿ ಒಣಜಮೀನು ಕೊಡಿ, ಉಳ್ಳಿಕಾಳು ಚೆಲ್ಕತ್ತೀನಿ. ಗದ್ದೆ ಇದ್ದೋನು ನೀರುಗಂಟಿ ಆಗಂಗಿಲ್ಲ."

ಹಳ್ಳಿಯ ಮಾತು ಅರ್ಥವಾಗದೆ ದೊರೆಗಳು ಉಪದೇಶಿಗಳ ಕಡೆ ನೋಡಿದರು. "ತಾನು ಯೋಗ್ಯನಲ್ಲ ಅಂತಿದ್ದಾನೆ" ಎಂದರು ಉಪದೇಶಿಗಳು ಚುಟುಕಾಗಿ. ಅರ್ಧ ಎಕರೆ ಹೋದರೂ ಇವನು ತೂಬಿನ ಮೇಲಿಂದ ಇಳಿದರೆ ಸಾಕಿತ್ತು ಅವರಿಗೆ. ಎಂಥ ವಿನಯ ಎಂದು ದೊರೆಗಳ ಕಣ್ಣಲ್ಲಿ ನೀರು ಬಂತು. ಪತ್ರ ಬೇಗ ಮಾಡಿಸಿ ಎಂದು ಹೇಳಿ ಮೋಟಾರು ಹತ್ತಿದರು.

ಮಾರನೆಯ ದಿನ ಚಲುವೇಗೌಡರು ಹೇಳಿಕಳಿಸಿದರು. ಹೊಂಗೆಮರದ ಕೆಳಗೆ ನಾಲ್ಕು ಜನ ಕೂತಿದ್ದರು.

"ಏನ್ಲಾ ಕೆಂಪ, ಗದ್ದೆ ಯಜಮಾನ್ನಾದ್ಯಂತೆ? ಸಂತೋಸ ಕಣ್ಲಾ. ಗದ್ದೆ ಇಟ್ಕೊ, ತೂಬು ಬುಡು. ಇಲ್ಲಾ ತೂಬು ಇಟ್ಕೊ, ಗದ್ದೆ ಬುಡು. ಎಲ್ಡೂ ಆಗಾಕಿಲ್ಲ."

ಕೆಂಪಯ್ಯ ಯೋಚಿಸಲು ಮೂರು ದಿನದ ಗಡುವು ಕೇಳಿಕೊಂಡು ಬಂದ. ಮನೆಯಲ್ಲಿ ಪ್ರೇಮಮ್ಮ ಮುದ್ದೆ ತಿರುವುತ್ತ ಕೇಳಿದಳು: "ಇನ್ನೂ ಏನಯ್ಯ ಯೋಚ್ನೆ?"

"ಅಪ್ಪ ಮಾಡ್ದ ಕೆಲ್ಸ ಕಣೆ."

"ನಿಮ್ಮಪ್ಪ ಊರಿನ ನೆಲ್ಲಿಗೆಲ್ಲ ನೀರು ಬುಟ್ಟ. ಸಾಯೋಗಂಟ ರಾಗಿ ತಿಂದ. ನಂಗೆ ನನ್ ಗದ್ದೇಲಿ ನಿಂತ್ಕಂಡು ನಾಟಿ ಆಕ್ಬೇಕು ಕಣಯ್ಯ. ಕೂಲಿಗಲ್ಲ, ನಂದು ಅಂತ. ಒಂದು ವರ್ಸನಾದ್ರೂ."

ನಿಜ ಹೇಳಬೇಕೆಂದರೆ ಅವನು ಆಗಲೇ ಆ ಅರ್ಧ ಎಕರೆಯ ಕೆಸರಿಗೆ ಇಳಿದು ಬಂದಿದ್ದ. ಇಪ್ಪತ್ತೆರಡು ವರ್ಷ ಎಲ್ಲರ ಕೆಸರನ್ನೂ ತುಳಿದಿದ್ದರೂ ಆ ಕೆಸರು ಬೇರೆ ಥರ ಮೆತ್ತಗಿತ್ತು.

ತೂಬು ಪ್ರೇಮಮ್ಮನ ತಮ್ಮ ಲಿಂಗಯ್ಯನ ಕೈಗೆ ಹೋಯಿತು. ಅವನಿಗೆ ಗದ್ದೆಯಿರಲಿಲ್ಲ, ಅಷ್ಟೇ ಅರ್ಹತೆ. ಕೆಂಪಯ್ಯ ಅವನನ್ನು ಕಾಲುವೆಯುದ್ದಕ್ಕೂ ಕರೆದುಕೊಂಡು ಹೋಗಿ ಎಲ್ಲ ಹೇಳಿಕೊಟ್ಟ. "ಯಾರ್ ಅತ್ರೂ ಕೇಳ್ಬ್ಯಾಡ. ಯಾರ್ ನಕ್ಕುದ್ರೂ ನಗ್ಬ್ಯಾಡ" ಎಂದ.

ಪ್ರೇಮಮ್ಮ ನಾಟಿ ಹಾಕಿದಳು. ಹೊಳೆ ಇನ್ನೂ ಇಳಿಯಿತು, ಎಂಟು ದಿನದ ಸರದಿ ಹನ್ನೊಂದು ದಿನವಾಯಿತು. ಪೈರಿನ ತುದಿ ಹಳದಿಗೆ ತಿರುಗಿತು. ಕೆಂಪಯ್ಯನಿಗೆ ಊಟ ಸೇರದಾಯಿತು. ಅವನ ಗದ್ದೆಯ ಪಕ್ಕದಲ್ಲೇ ಕಿರುಗಾಲುವೆ ಹಾದು ಸಿದ್ದಲಿಂಗಮ್ಮನ ಗದ್ದೆಗೆ ಹೋಗುತ್ತಿತ್ತು. ಆ ದಿನ ಅವಳ ಸರದಿ. ನೀರು ಅವನ ಬದುವಿನ ಪಕ್ಕ ಗುಳುಗುಳು ಎನ್ನುತ್ತ ಹರಿಯುವುದನ್ನು ಅವನು ಬೆಳಿಗ್ಗೆಯಿಂದ ಕೇಳಿಸಿಕೊಂಡ. ಮಧ್ಯಾಹ್ನ ಯಾರೂ ಇಲ್ಲದ್ದು ನೋಡಿ, ಬದುವಿನಲ್ಲಿ ಒಂದು ಮೊಳ ಅಗಲ ಮಡೆ ಕಡಿದ. ಪೈರಿನ ಬುಡಕ್ಕೆ ನೀರು ಹೋಗುವುದನ್ನು ನೋಡುತ್ತ, ಹಾಲು ಕುಡಿಯುವ ಕೂಸನ್ನು ನೋಡುವಂತೆ, ಹಾಗೇ ನಿಂತುಬಿಟ್ಟ.

ಲಿಂಗಯ್ಯ ಬಂದು ಪಕ್ಕದಲ್ಲಿ ನಿಂತದ್ದೂ ತಿಳಿಯಲಿಲ್ಲ.

"ಬಾವ," ಎಂದ ಲಿಂಗಯ್ಯ. ಗುದ್ದಲಿ ತೆಗೆದು ಮಡೆಗೆ ಮಣ್ಣು ಎಳೆದ.

ಪಂಚಾಯಿತಿ ಸೇರಿತು. ಉಪದೇಶಿಗಳು ಕರೆಯದಿದ್ದರೂ ಬಂದು, ದೇವರ ನ್ಯಾಯಕ್ಕೆ ಮುಖದಾಕ್ಷಿಣ್ಯ ಇಲ್ಲವೆಂದೂ, ಗದ್ದೆ ಮಿಷನ್ನಿಗೇ ಮರಳಬೇಕೆಂದೂ ಹೇಳಿದರು. ಮಿಷನ್ನು ಎಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಚಲುವೇಗೌಡರು ಮಾತ್ರ ಬಹಳ ಮೆತ್ತಗಾಗಿದ್ದರು. ಕೆಂಪಯ್ಯನೂ ತಮ್ಮಂಥವನೇ ಆದದ್ದು ಅವರಿಗೆ ಹಿತವಾಗಿತ್ತು. ಮುಂದೆ ತಮಗೂ ಬೇಕಾದೀತು ಎಂದೋ ಏನೋ, "ಓಗ್ಲಿ ಬುಡ್ರಪ್ಪ, ಮೊದ್ಲ ಸಲ. ಕ್ಸಮ್ಸಿಬುಡಾನ" ಎಂದರು.

ಕೆಂಪಯ್ಯನ ಎದೆ ಹಗುರಾಯಿತು. ಕ್ಷಮೆ ಇಷ್ಟು ರುಚಿಯ ಪದಾರ್ಥ ಎಂದು ಇಷ್ಟು ವರ್ಷ ತೂಬಿನ ಮೇಲೆ ನಿಂತವನಿಗೆ ಗೊತ್ತೇ ಇರಲಿಲ್ಲ.

ಸಿದ್ದಲಿಂಗಮ್ಮ ಸೆರಗು ಕೊಡವಿಕೊಂಡು ಎದ್ದಳು. "ಅಲ್ಲ ಗೌಡ್ರೇ, ಓಗಿದ್ದು ನನ್ ನೀರು. ಕ್ಸಮ್ಸಕೆ ನೀವ್ಯಾರು?"

ಅವಳು ಕೆಂಪಯ್ಯನ ಕಡೆ ತಿರುಗಿದಳು. "ಇಪ್ಪತ್ತೊರ್ಸ ಬಾಲಕ್ಕೂ ನೀರು ತಂದ್ಕೊಟ್ಟೋನು ನೀನು ಕಣಪ್ಪ. ಕ್ಸಮ್ಸು ಅಂತ ನೀ ಕೇಳು, ಕ್ಸಮ್ಸ್ತೀನಿ. ಗೌಡ್ರು ಯಾಕೆ ಕೇಳ್ಬೇಕು?"

ಕೆಂಪಯ್ಯ ಬಾಯಿ ತೆರೆದ. ಕೇಳಿದರೆ ಸಿಗುತ್ತಿತ್ತು. ಆದರೆ ಕೇಳಿ ಪಡೆದರೆ, ಹೋದ ನೀರಿಗೆ ಬದಲು ನೀರು ಸಿಗದೆ ಅವಳ ಪೈರೇ ಒಣಗಬೇಕಾಗಿತ್ತು. ಒಣಗುವ ಪೈರಿಗೆ ಕ್ಷಮಿಸಿದ್ದು ಗೊತ್ತಾಗುವುದಿಲ್ಲ. "ತಪ್ಪಾಯ್ತು ಅಮ್ಮಾರೇ" ಎಂದು ಅವಳಿಗೆ ಕೈಮುಗಿದು, ಭಾವಮೈದುನನ ಕಡೆ ನೋಡಿದ. "ನೀರುಗಂಟಿ ನೀನು. ಏಳ್ಲಾ ಕಟ್ಳೆಯ."

ಲಿಂಗಯ್ಯ ನೆಲ ನೋಡುತ್ತ ಹೇಳಿದ: "ಒಂದು ಸರದಿ ಖೋತಾ. ಆ ನೀರು ಅಮ್ಮಾರ ಗದ್ದೆಗೆ."

ಖೋತಾದ ದಿನ ಕೆಂಪಯ್ಯ ಬದುವಿನ ಮೇಲೆ ಕೂತಿದ್ದ, ಪ್ರೇಮಮ್ಮ ಸ್ವಲ್ಪ ದೂರದಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದಳು. ಲಿಂಗಯ್ಯ ನೀರು ಬಿಟ್ಟುಕೊಂಡು ಬಂದವನು ಇವರ ಮಡೆಯ ಹತ್ತಿರ ಸುಮ್ಮನೆ ನಿಂತ. ಮಡೆಗೆ ಹಾಕಿದ ಮಣ್ಣನ್ನು ಕಾಲಿನಿಂದ ಒಂದಿಷ್ಟು ಸಡಿಲ ಮಾಡಿದ. ನೀರು ಎಳೆಯಾಗಿ ಒಳಕ್ಕೆ ಜಿನುಗಿತು.

"ಇಷ್ಟೇ ಬಾವ, ಯಾರ್ಗೂ ಕಾಣಾಕಿಲ್ಲ. ಅಕ್ಕನ್ ಮಕ ನೋಡಕಾಯ್ತಾ ಇಲ್ಲ ನಂಗೆ" ಎಂದು ಪಿಸುಗುಟ್ಟಿದ.

ಕೆಂಪಯ್ಯ ಆ ಎಳೆಯನ್ನು ನೋಡಿದ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ನೋಡಿದ. ಆಮೇಲೆ ಇಳಿದು, ಎರಡೂ ಕೈಯಲ್ಲಿ ಕೆಸರು ಬಾಚಿ ತನ್ನ ಮಡೆಗೆ ತಾನೇ ಮೆತ್ತಿದ.

"ನಿಮ್ಮಕ್ಕನ್ ಮಕ ನೋಡಿ ನೀರ್ ಬುಡೋದಾದ್ರೆ ನಾಳಿಕ್ಕೆ ಗೌಡ್ರ ಮಕ ನೋಡ್ಬೇಕಾಯ್ತದೆ. ಓಗ್ಲಾ, ಅಮ್ಮಾರು ಕಾಯ್ತಾ ಅವ್ರೆ."

ಲಿಂಗಯ್ಯ ಹೋದ. ಕೆಂಪಯ್ಯ ಕೈ ತೊಳೆಯದೆ ಬಂದು ಹೆಂಡತಿಯ ಪಕ್ಕ ಕೂತ. ಅರ್ಧ ಗದ್ದೆಯ ಪೈರಾದರೂ ಒಣಗಿಹೋಯಿತೆಂದು ಇಬ್ಬರಿಗೂ ಗೊತ್ತಿತ್ತು.

"ದ್ಯಾವ್ರಿಗೇನ್ ಬುಡೆ, ನ್ಯಾಯವಾಗಿರಕೆ ಏನ್ ಕಷ್ಟ," ಎಂದ ಅವನು. "ಕಾಲ್ವೆ ಕೆಳ್ಗೆ ಒಂದ್ ಗುಂಟೆ ಇಲ್ಲ ಅವ್ನಿಗೆ."

ಪ್ರೇಮಮ್ಮ ಮೂಗು ಒರೆಸಿಕೊಂಡಳು. "ಅಂಗಾರೆ ದೊರೆಗಳಿಗೆ ಏಳಿ ಅವ್ನಿಗೂ ಒಂದರ್ಧ ಎಕರೆ ಕೊಡ್ಸು. ಆಗ ನೋಡಾನ."